ಹಿಮ ಬೀಳುವಾಗ ಹಿತ್ತಲಲ್ಲಿ ಸ್ಮೋಕರ್ ಹಚ್ಚಬಹುದೇ? ಗ್ಯಾರೇಜಿಗೆ ತಂದರೆ ಏನಾಗುತ್ತದೆ?

"ಚಳಿ ಜಾಸ್ತಿಯಾದರೆ ಸ್ಮೋಕರ್‌ನಲ್ಲಿ ಮಾಂಸ ಬೇಯುವುದೇ ಇಲ್ಲ." "ಗ್ಯಾರೇಜಿನೊಳಗೆ ಇಟ್ಟು ಶಟರ್ ಅರ್ಧ ತೆಗೆದರೆ ಸಾಕು." "ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೆ ವಿಷಗಾಳಿ ಬರುವುದಿಲ್ಲ." "ಹೊಗೆ ತಗುಲಿದ ಮಾಂಸದಲ್ಲಿ ಕ್ರಿಮಿ ಉಳಿಯದು."

ನವೆಂಬರ್‌ನಿಂದ ಫೆಬ್ರವರಿವರೆಗೆ ಅಮೆರಿಕ, ಕೆನಡಾ ಕಡೆ ಇಂಥ ಸಲಹೆಗಳು ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಓಡಾಡುತ್ತವೆ. ಮಗನೋ ಮಗಳೋ ಅಲ್ಲಿರುವ ನಮ್ಮವರ ವಾಟ್ಸ್‌ಆಪ್ ಗುಂಪುಗಳಿಗೂ ಬಂದು ಸೇರುತ್ತವೆ. ಈ ನಾಲ್ಕೂ ತಪ್ಪು. ಮೊದಲನೆಯದನ್ನು ನಂಬಿದರೆ ಒಂದು ಊಟ ತಪ್ಪೀತು, ಕೊನೆಯದನ್ನು ನಂಬಿದರೆ ಹೊಟ್ಟೆ ಕೆಟ್ಟೀತು. ನಡುವಿನ ಎರಡನ್ನು ನಂಬಿದರೆ ಜೀವವೇ ಹೋಗಬಹುದು.

ಚುಟುಕಾಗಿ ಹೇಳುವುದಾದರೆ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲೂ ಸ್ಮೋಕರ್‌ನಲ್ಲಿ ಅಡುಗೆ ಮಾಡಬಹುದು. ಇದ್ದಿಲು ಹೆಚ್ಚು ಬೇಕು, ಗಮನ ಹೆಚ್ಚು ಬೇಕು. ಆದರೆ ಎಷ್ಟೇ ಚಳಿಯಿದ್ದರೂ ಅದರ ಜಾಗ ಹೊರಗೆ, ಬಯಲಲ್ಲಿ.

ಸ್ಮೋಕರ್ ಎಂದರೇನು?

ಇಲ್ಲಿ ಸ್ಮೋಕರ್ ಎಂದರೆ ಸಿಗರೇಟು ಸೇದುವವರಲ್ಲ. ಮುಚ್ಚಳವಿರುವ ಒಂದು ಲೋಹದ ಅಥವಾ ಪಿಂಗಾಣಿಯ ಗೂಡು. ಒಳಗೆ ಇದ್ದಿಲು, ಅದರ ಮೇಲೆ ಓಕ್ ಅಥವಾ ಸೇಬಿನ ಮರದ ಚೂರುಗಳು. ಕೆಳಗೊಂದು ಗಾಳಿಕಿಂಡಿ, ಮೇಲೊಂದು ಹೊಗೆಕಿಂಡಿ. ಮಾಂಸವನ್ನು ಉರಿಯ ಮೇಲೆ ಸುಡುವುದಿಲ್ಲ. ಬಿಸಿ ಗಾಳಿ ಮತ್ತು ಹೊಗೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಗೂಡಿನ ಶಾಖ ಸಾಮಾನ್ಯವಾಗಿ 107ರಿಂದ 121 ಡಿಗ್ರಿ ಸೆಲ್ಸಿಯಸ್, ಅಮೆರಿಕದವರ ಲೆಕ್ಕದಲ್ಲಿ 225ರಿಂದ 250 ಫ್ಯಾರನ್‌ಹೀಟ್. ಟೆಕ್ಸಾಸ್‌ನ ಹೆಸರಾಂತ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಗಟ್ಟಿ ಮಾಂಸ, ಹೀಗೆ 10-12 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಯುತ್ತದೆ. ಅದರಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ನಿಧಾನಕ್ಕೆ ಕರಗಿ ಜೆಲಾಟಿನ್ ಆಗಬೇಕು. ಆಗಲೇ ಮಾಂಸ ಮೆತ್ತಗಾಗುವುದು. ಆತುರ ಮಾಡಿದರೆ ಚಪ್ಪಲಿ ತೊಗಲು.

ಹೊಗೆಯಲ್ಲಿ ಮಾಂಸ ಹದ ಮಾಡುವುದು ನಮಗೇನೂ ಹೊಸದಲ್ಲ. ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ರೂಢಿ ಹಳೆಯದು. ಆದರೆ ಅದು ಒಣಗಿಸಿ ಕೆಡದಂತೆ ಇಡುವ ದಾರಿ, ಆಮೇಲೆ ಬೇಯಿಸಿಯೇ ತಿನ್ನುತ್ತಾರೆ. ಅಮೆರಿಕದ ಹಿತ್ತಲಿನ ಸ್ಮೋಕರ್‌ನಲ್ಲಿ ಬೇಯಿಸುವುದೂ ಹೊಗೆ ಹಿಡಿಸುವುದೂ ಒಟ್ಟಿಗೆ ಆಗುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಹೊರಗಿನ ಚಳಿ ಮಾಂಸಕ್ಕೆ ಗೊತ್ತಾಗುವುದೇ?

ಹೆಚ್ಚುಕಡಿಮೆ ಇಲ್ಲ. ಮಾಂಸಕ್ಕೆ ಗೊತ್ತಾಗುವುದು ಗೂಡಿನೊಳಗಿನ ಶಾಖ ಮಾತ್ರ. ಒಳಗೆ 110 ಡಿಗ್ರಿ ಉಳಿಸಿಕೊಂಡರೆ ಹೊರಗೆ ಜೂನ್ ತಿಂಗಳ ಬಿಸಿಲಿರಲಿ, ಜನವರಿಯ ಹಿಮವಿರಲಿ, ಬೇಯುವ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸವಿರದು. ಕಷ್ಟವಿರುವುದು ಆ 110 ಡಿಗ್ರಿಯನ್ನು ಉಳಿಸಿಕೊಳ್ಳುವುದರಲ್ಲಿ.

ಲೆಕ್ಕ ಸರಳ. ಬಿಸಿ ಪೆಟ್ಟಿಗೆಯಿಂದ ಶಾಖ ಸೋರಿಹೋಗುವ ಪ್ರಮಾಣ ಒಳಗಿನ ಮತ್ತು ಹೊರಗಿನ ತಾಪಮಾನಗಳ ಅಂತರವನ್ನು ಅನುಸರಿಸುತ್ತದೆ. ಬೇಸಿಗೆಯಲ್ಲಿ ಹೊರಗೆ 30 ಡಿಗ್ರಿ ಇದ್ದರೆ ಅಂತರ 80. ಚಳಿಗಾಲದಲ್ಲಿ ಹೊರಗೆ ಮೈನಸ್ 10 ಇದ್ದರೆ ಅಂತರ 120. ಅಂದರೆ ಸೋರಿಕೆ ಒಂದೂವರೆ ಪಟ್ಟು, ಬೇಕಾಗುವ ಉರುವಲೂ ಸುಮಾರು ಅಷ್ಟೇ ಪಟ್ಟು. ಮೈನಸ್ 20ಕ್ಕೆ ಇಳಿದರೂ ಅಂತರ 130, ಲೆಕ್ಕ ಇನ್ನು ಸ್ವಲ್ಪವೇ ಏರುತ್ತದೆ. ಜನ ಹೆದರುವಷ್ಟು ದೊಡ್ಡ ಭೂತವಲ್ಲ ಈ ಚಳಿ.

ನಿಜವಾದ ಕಳ್ಳ ಗಾಳಿ. ಗೂಡಿನ ತೆಳು ತಗಡಿಗೆ ಅಂಟಿಕೊಂಡಂತೆ ಒಂದು ಬೆಚ್ಚನೆಯ ಗಾಳಿಯ ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ. ಬಿಸಿ ಚಹಾಕ್ಕೆ ಊದಿದ ಹಾಗೆ. ಗಾಳಿಯಿಲ್ಲದ ಮೈನಸ್ 10 ಡಿಗ್ರಿಯ ದಿನಕ್ಕಿಂತ, ಜೋರು ಗಾಳಿ ಬೀಸುವ 5 ಡಿಗ್ರಿಯ ದಿನ ಹೆಚ್ಚು ಕಾಡಬಹುದು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ. ಫೋನಿನ ಹವಾಮಾನ ಆ್ಯಪ್ "ತಾಪಮಾನ ಮೈನಸ್ 8, ಅನುಭವಕ್ಕೆ ಬರುವುದು ಮೈನಸ್ 18" ಎಂದು ತೋರಿಸುತ್ತದೆ. ಈ ಎರಡನೇ ಅಂಕಿ ಗಾಳಿಗೆ ತೆರೆದುಕೊಂಡ ಮನುಷ್ಯರ ಚರ್ಮ ಎಷ್ಟು ಬೇಗ ಶಾಖ ಕಳೆದುಕೊಳ್ಳುತ್ತದೆ ಎಂಬುದರ ಅಂದಾಜು. ನಿಮ್ಮ ಕಿವಿ, ಬೆರಳುಗಳಿಗೆ ಅದು ಮುಖ್ಯ. ಕಬ್ಬಿಣಕ್ಕೆ ಅಲ್ಲ. ಎಷ್ಟೇ ಗಾಳಿ ಬೀಸಿದರೂ ತಗಡು ಬೇಗ ತಣಿಯಬಹುದೇ ಹೊರತು ಮೈನಸ್ 8ಕ್ಕಿಂತ ಕೆಳಗೆ ಇಳಿಯದು.

ಮುಚ್ಚಳದ ಮೇಲೆ ಬೀಳುವ ಹಿಮವನ್ನು ಮಾತ್ರ ಹಗುರವಾಗಿ ನೋಡಬೇಡಿ. ಒಂದು ಕಿಲೋ ಹಿಮ ಕರಗಿ, ಕಾದು, ಆವಿಯಾಗಿ ಹೋಗಲು ಬೇಕಾಗುವ ಶಾಖ ಸುಮಾರು 100 ಗ್ರಾಂ ಒಳ್ಳೆಯ ಇದ್ದಿಲು ಪೂರ್ತಿ ಉರಿದಾಗ ಬರುವಷ್ಟು. ಹಿಮ ಮಾಂಸವನ್ನೇನೂ ಕೆಡಿಸುವುದಿಲ್ಲ, ನಿಮ್ಮ ಇದ್ದಿಲನ್ನು ತಿನ್ನುತ್ತದೆ. ಒಂದು ಪೊರಕೆ ಪಕ್ಕದಲ್ಲಿರಲಿ.

ಹಾಗಾದರೆ ಮಾಡುವುದು ಹೇಗೆ?

ಗಾಳಿಗೆ ಅಡ್ಡವಾಗುವ ಜಾಗ ನೋಡಿ. ಬೇಲಿಯ ಮರೆ, ಇಟ್ಟಿಗೆ ಗೋಡೆಯ ಮರೆ. ಆದರೆ ಮನೆಯ ಸೂರಿನ ಕೆಳಗೆ, ಮರದ ಜಗಲಿಯ ಕಟಕಟೆಗೆ ತಾಗಿಸಿ ಇಡಬಾರದು, ಬೆಂಕಿಯ ಭಯ. ಅಲ್ಲಿನ ಬಹಳಷ್ಟು ಮನೆಗಳ ಗೋಡೆಯೇ ಮರದ್ದು, ಮೇಲಿನ ಹೊದಿಕೆ ವಿನೈಲ್ ಎಂಬ ಪ್ಲಾಸ್ಟಿಕ್, ಶಾಖಕ್ಕೆ ಸೊಟ್ಟಗಾಗುತ್ತದೆ. ಕಾಲಿಡುವ ನೆಲದ ಹಿಮವನ್ನೂ ಮೊದಲೇ ಗೋರಿ ತೆಗೆದಿರಬೇಕು. ಬಿಸಿ ತಟ್ಟೆ ಹಿಡಿದು ಜಾರಿದರೆ ಊಟವೂ ಹೋಯಿತು, ಮಣಿಕಟ್ಟೂ ಹೋಯಿತು.

ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ನೋಡುವ ಚಪಲ ಎಲ್ಲರಿಗೂ ಇದೆ. ಬೇಸಿಗೆಯಲ್ಲಿ ಅದು ನಡೆದೀತು, ಚಳಿಯಲ್ಲಿ ಒಂದು ಸಲ ತೆಗೆದರೆ ಒಳಗಿನ ಬಿಸಿಗಾಳಿಯೆಲ್ಲ ಹಾರಿಹೋಗಿ ಗೂಡು ಮತ್ತೆ ಕಾಯಲು ಬಹಳ ಹೊತ್ತು ಹಿಡಿಯುತ್ತದೆ. ತಂತಿಯಿರುವ ಅಥವಾ ಫೋನಿಗೆ ಸಂಕೇತ ಕಳಿಸುವ ಥರ್ಮಾಮೀಟರ್ ಮಾಂಸದೊಳಗೆ ಚುಚ್ಚಿಟ್ಟು ಮನೆಯೊಳಗೆ ಕೂತು ನೋಡುವುದು ಮೇಲು. ಒಂದನ್ನು ಮಾಂಸದ ಅತಿ ದಪ್ಪ ಭಾಗದಲ್ಲಿ, ಇನ್ನೊಂದನ್ನು ಮಾಂಸ ಇಟ್ಟ ಜಾಲರಿಯ ಮಟ್ಟದಲ್ಲಿ ಇಡಿ. ಮುಚ್ಚಳಕ್ಕೆ ಅಂಟಿಸಿದ ಮುಳ್ಳಿನ ಮಾಪಕ ತೋರಿಸುವುದು ಮುಚ್ಚಳದ ಹತ್ತಿರದ ಶಾಖ, ಅದನ್ನೇ ನಂಬಿ ಕೂರಬಾರದು.

ಗೂಡಿನೊಳಗೆ ನೀರಿನ ತಟ್ಟೆ ಇಡುವ ಪದ್ಧತಿ ಇದ್ದರೆ ಕುದಿಯುವ ನೀರನ್ನೇ ಹಾಕಿ. ನಲ್ಲಿಯ ತಣ್ಣೀರು ಹಾಕಿದರೆ ಮೊದಲ ಒಂದಷ್ಟು ಹೊತ್ತು ನಿಮ್ಮ ಬೆಂಕಿ ನೀರು ಕಾಯಿಸುವುದರಲ್ಲೇ ಕಳೆಯುತ್ತದೆ. ಗಾಳಿಕಿಂಡಿಯನ್ನು ಬೇಸಿಗೆಗಿಂತ ಸ್ವಲ್ಪ ಹೆಚ್ಚು ತೆರೆಯಬೇಕಾದೀತು. ಆದರೆ ಚಳಿಗಾಳಿ ದಟ್ಟ, ಮೈನಸ್ 10ರಲ್ಲಿ ಅದು 30 ಡಿಗ್ರಿಯ ಗಾಳಿಗಿಂತ ಸುಮಾರು 15 ಶೇಕಡಾ ಹೆಚ್ಚು ಸಾಂದ್ರವಾಗಿರುತ್ತದೆ. ಒಳಗೂ ಹೊರಗೂ ಅಂತರ ಹೆಚ್ಚಿದಷ್ಟೂ ಹೊಗೆಕಿಂಡಿಯ ಸೆಳೆತವೂ ಜೋರು. ಹಾಗಾಗಿ ಒಮ್ಮೆಲೇ ಪೂರ್ತಿ ತೆರೆಯದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ತೆಳು ತಗಡಿನ ಗೂಡಿಗೆ ಹೊದಿಸಲು ಶಾಖ ತಡೆಯುವ ವಿಶೇಷ ಹೊದಿಕೆಗಳು ಸಿಗುತ್ತವೆ. ಹಳೆಯ ಕಂಬಳಿ, ಮಲಗುವ ರಜಾಯಿ ಹೊದಿಸುವ ಸಾಹಸ ಬೇಡ, ಹೊತ್ತಿಕೊಳ್ಳುತ್ತದೆ. ಯಾವ ಹೊದಿಕೆಯಾದರೂ ಕಿಂಡಿಗಳನ್ನು ಮುಚ್ಚಬಾರದು. ದಪ್ಪ ಪಿಂಗಾಣಿಯ ಕಮಾಡೊ ಗೂಡುಗಳಿಗೆ ಹೊದಿಕೆಯ ಅಗತ್ಯವೇ ಇಲ್ಲ, ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತಿರುವ ಪಿಂಗಾಣಿಯನ್ನು ದಿಢೀರನೆ ಕಾಯಿಸಿದರೆ ಬಿರುಕು ಬಿಡುವ ಸಾಧ್ಯತೆ ಇದೆ. ನಿಧಾನಕ್ಕೆ ಶಾಖ ಏರಿಸಿ. ಮರದ ಹೊಟ್ಟಿನ ಗುಳಿಗೆ ಉರಿಸುವ ವಿದ್ಯುತ್ ಯಂತ್ರಗಳಲ್ಲಿ ಬೇರೆಯದೇ ಕಾಟ: ಗುಳಿಗೆ ತೇವ ಹೀರಿದರೆ ಉಬ್ಬಿ ಪುಡಿಯಾಗಿ, ಅದನ್ನು ಒಳಕ್ಕೆ ತಳ್ಳುವ ತಿರುಪು ಸಿಕ್ಕಿಹಾಕಿಕೊಳ್ಳುತ್ತದೆ. ಚೀಲವನ್ನು ಒಣ ಜಾಗದಲ್ಲಿಡಿ.

ಗ್ಯಾಸಿನಿಂದ ನಡೆಯುವ ಸ್ಮೋಕರ್ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಇದಕ್ಕೆ ಬಳಸುವ ಸಿಲಿಂಡರಿನಲ್ಲಿರುವುದು ಬಹುತೇಕ ಪ್ರೊಪೇನ್, ಅದು ಮೈನಸ್ 42 ಡಿಗ್ರಿಯವರೆಗೂ ಅನಿಲವಾಗಬಲ್ಲದು. ನಮ್ಮ ಅಡುಗೆಮನೆಯ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ದ್ರವವಾಗಿ ಕೂತುಬಿಡುತ್ತದೆ. ಪ್ರೊಪೇನ್ ಸಿಲಿಂಡರಿನಲ್ಲೂ ಚಳಿಗೆ ಒತ್ತಡ ಇಳಿದು ಉರಿ ಸಣ್ಣದಾಗುವುದು ಸಹಜ. ಸಿಲಿಂಡರನ್ನು ಬೆಂಕಿಯಿಂದ ಬಿಸಿ ಮಾಡುವ ವಿಡಿಯೊ ಯಾರಾದರೂ ಕಳಿಸಿದರೆ ಅಲ್ಲೇ ಅಳಿಸಿ.

"ಬೆಳ್ಳಗೆ ಹೊಗೆ ಬರ್ತಿದೆ, ಏನೋ ಕೆಟ್ಟಿದೆ"

ಸ್ಮೋಕರ್ ಬಳಸುವವರಲ್ಲಿ ಒಂದು ನಂಬಿಕೆಯಿದೆ: ತೆಳುವಾದ ನೀಲಿ ಛಾಯೆಯ ಹೊಗೆ ಒಳ್ಳೆಯದು, ದಟ್ಟ ಬಿಳಿ ಹೊಗೆ ಕಹಿ. ಬೇಸಿಗೆಯಲ್ಲಿ ಇದು ಬಹುಪಾಲು ಸರಿ. ಕಟ್ಟಿಗೆ ಸರಿಯಾಗಿ ಉರಿಯದೆ ಹೊಗೆಯಾಡಿದರೆ ಡಾಂಬರಿನಂಥ ಅಂಶಗಳು ಮಾಂಸಕ್ಕೆ ಅಂಟುತ್ತವೆ. ಆದರೆ ಚಳಿಯಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಉರಿಯುವ ಕಟ್ಟಿಗೆಯಿಂದಲೂ ಬೇಯುವ ಮಾಂಸದಿಂದಲೂ ನೀರಾವಿ ಹೊರಬರುತ್ತದೆ, ಅದು ಚಳಿಗಾಳಿಗೆ ತಾಗಿದೊಡನೆ ಮಂಜಾಗುತ್ತದೆ. ಮಡಿಕೇರಿಯ ಬೆಳಗಿನ ಜಾವ ನಿಮ್ಮ ಬಾಯಿಂದ ಬರುವ 'ಹೊಗೆ'ಯೂ ಅದೇ. ಆ ಬಿಳಿಯನ್ನು ಕಂಡು ಗಾಬರಿಯಾಗಬೇಡಿ. ಕಿಂಡಿಯಿಂದ ಒಂದಡಿ ದೂರದಲ್ಲಿ ಕರಗಿಹೋದರೆ ಅದು ಆವಿ. ದೂರದವರೆಗೆ ತೇಲಿ, ಕಣ್ಣು ಉರಿಸಿ, ಘಾಟು ಹೊಡೆದರೆ ಹೊಗೆ.

ಇದೇ ಜಾತಿಯ ಇನ್ನೊಂದು ಗಾಬರಿ: ನಾಲ್ಕಾರು ಗಂಟೆ ಸರಾಗವಾಗಿ ಏರಿದ ಮಾಂಸದ ತಾಪಮಾನ 65-75 ಡಿಗ್ರಿಯ ನಡುವೆ ಎಲ್ಲೋ ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಅಲ್ಲಾಡುವುದಿಲ್ಲ. ಚಳಿಗೆ ಹೀಗಾಯಿತೆಂದು ಜನ ಇದ್ದಿಲು ಸುರಿಯತೊಡಗುತ್ತಾರೆ. ಇದು ಬೇಸಿಗೆಯಲ್ಲೂ ಆಗುತ್ತದೆ. ಮಾಂಸದ ಮೇಲ್ಮೈಯಿಂದ ತೇವ ಆವಿಯಾಗುತ್ತಾ ಅದನ್ನು ತಣಿಸುತ್ತದೆ, ಮಣ್ಣಿನ ಮಡಕೆಯ ನೀರು ತಂಪಾಗಿರುವ ಹಾಗೆ. ಗ್ರೆಗ್ ಬ್ಲಾಂಡರ್ ಎಂಬ ಭೌತವಿಜ್ಞಾನಿ ಒದ್ದೆ ಸ್ಪಂಜನ್ನು ಬಿಸಿ ಗೂಡಿನಲ್ಲಿಟ್ಟು, ಮಾಂಸವೇ ಇಲ್ಲದೆ ಈ 'ನಿಲ್ಲುವಿಕೆ'ಯನ್ನು ತೋರಿಸಿದ್ದಾರೆ. ಕಾಯಬೇಕು, ಇಲ್ಲವೇ ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಆವಿ ತಡೆಯಬೇಕು.

ಹೊಗೆ ಕ್ರಿಮಿಗಳನ್ನು ಕೊಲ್ಲುತ್ತದೆಯೇ?

ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಧಾನ ಮಾಡುತ್ತವೆ ನಿಜ. ಆದರೆ ಕೊಲ್ಲುವುದು ಶಾಖ. ಅಮೆರಿಕದ ಕೃಷಿ ಇಲಾಖೆ ಹೇಳುವ ಪ್ರಕಾರ ಕೋಳಿ, ಟರ್ಕಿ ಒಳಗೆ 74 ಡಿಗ್ರಿ ತಲುಪಬೇಕು, ಖೀಮಾ 71, ದನ, ಹಂದಿ, ಕುರಿಯ ಇಡೀ ತುಂಡುಗಳು 63 ಡಿಗ್ರಿ ತಲುಪಿ ಮೂರು ನಿಮಿಷ ಹಾಗೇ ಇರಬೇಕು. ಬ್ರಿಸ್ಕೆಟ್ ಅನ್ನು 90-95ರವರೆಗೆ ಕೊಂಡೊಯ್ಯುವುದು ಕ್ರಿಮಿಗಾಗಿ ಅಲ್ಲ, ಮೆತ್ತಗಾಗಲಿ ಎಂದು.

ಚಳಿಯಲ್ಲಿ ಎಡವುವುದು ಇಲ್ಲಿ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 4ರಿಂದ 60 ಡಿಗ್ರಿ ನಡುವೆ. ಬೆಂಕಿ ಸೋತು ಗೂಡು ಬಿಸಿಯೇರದೆ ಉಳಿದರೆ ಮಾಂಸ ಆ ಪಟ್ಟಿಯಲ್ಲೇ ಗಂಟೆಗಟ್ಟಲೆ ಕೂರುತ್ತದೆ. ಒಳಗೆ ಇನ್ನೂ ಮಂಜುಗಡ್ಡೆಯಿರುವ ಟರ್ಕಿಯನ್ನು ಇಟ್ಟರೂ ಅಷ್ಟೆ. ಪೂರ್ತಿ ಕರಗಿಸಿಯೇ ಇಡಬೇಕು. ಫ್ರಿಜ್ಜಿನಲ್ಲಿ ಕರಗಲು ಪ್ರತಿ ಎರಡು ಕಿಲೋಗೆ ಸುಮಾರು ಒಂದು ದಿನ ಬೇಕು, ಐದೂವರೆ ಕಿಲೋ ಹಕ್ಕಿಗೆ ಮೂರು ದಿನ. ಗೂಡಿನಲ್ಲಿ ಶಾಖ ಏರುತ್ತಲೇ ಇಲ್ಲ ಎನಿಸಿದರೆ ಹಟ ಮಾಡದೆ ಮಾಂಸವನ್ನು ಬೇಗನೆ ಮನೆಯ ಓವನ್ನಿಗೆ ಸಾಗಿಸಿ. ಅದರಲ್ಲಿ ಅವಮಾನವೇನಿಲ್ಲ. ಹೊಗೆಯ ಪರಿಮಳ ಅಷ್ಟರಲ್ಲಿ ಸಾಕಷ್ಟು ಹಿಡಿದಿರುತ್ತದೆ.

"ಹೊರಗೇ ಫ್ರಿಜ್ಜಿನ ಹಾಗಿದೆ, ಮಾಂಸ ಹಿಮದ ಮೇಲಿಟ್ಟರಾಯಿತು" ಎನ್ನುವುದೂ ಬೇಡ. ಬಿಸಿಲು ತಾಗಿದರೆ ಸುತ್ತಲೂ ಹಿಮವಿದ್ದರೂ ಪೊಟ್ಟಣದ ಮೇಲ್ಮೈ ಬಿಸಿಯಾಗುತ್ತದೆ. ಅಳಿಲು, ರಕೂನ್‌ಗಳಿಗೆ ಆಹ್ವಾನ ಬೇರೆ.

ಹೆಸರಿನ ಗೊಂದಲವೊಂದಿದೆ. 'ಕೋಲ್ಡ್ ಸ್ಮೋಕಿಂಗ್' ಎಂದರೆ ಚಳಿಗಾಲದಲ್ಲಿ ಸ್ಮೋಕರ್ ಹಚ್ಚುವುದಲ್ಲ. ಮೀನು, ಚೀಸ್ ಮುಂತಾದವನ್ನು ಬೇಯಿಸದೆ, ಸುಮಾರು 30 ಡಿಗ್ರಿಯ ಒಳಗೇ ಬರೀ ಹೊಗೆ ಹಿಡಿಸುವ ವಿಧಾನ. ಉಪ್ಪಿನ ಪ್ರಮಾಣ, ತೇವಾಂಶ ಎಲ್ಲವೂ ಕರಾರುವಾಕ್ಕಾಗಿರಬೇಕು. ತಪ್ಪಿದರೆ ಲಿಸ್ಟೀರಿಯಾ, ಬಾಟುಲಿಸಂ ತರುವ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಜಾಗ. ಬೇಯಿಸದ ಇಂಥ ಹೊಗೆ ಮೀನನ್ನು ಗರ್ಭಿಣಿಯರು ತಿನ್ನಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುವುದು ಇದಕ್ಕೇ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಲು ಹೊರಡಬೇಡಿ.

ಬೆಂದ ಮಾಂಸವನ್ನು ಕೊಯ್ದಾಗ ಅಂಚಿನಲ್ಲಿ ಕಾಣುವ ಗುಲಾಬಿ ಬಣ್ಣದ ಪಟ್ಟಿ ನೋಡಿ "ಇನ್ನೂ ಹಸಿ" ಎನ್ನುವವರಿದ್ದಾರೆ. ಹಸಿಯಲ್ಲ. ಉರಿಯುವ ಇದ್ದಿಲು, ಕಟ್ಟಿಗೆಯಿಂದ ಬರುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸದಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನಿಗೆ ಅಂಟಿಕೊಂಡಾಗ ಆ ಬಣ್ಣ ನಿಲ್ಲುತ್ತದೆ. ಟೆಕ್ಸಾಸ್‌ನವರು ಹೆಮ್ಮೆಯಿಂದ ಫೋಟೊ ತೆಗೆಯುವುದು ಈ ಪಟ್ಟಿಯದ್ದೇ. ಮಯೋಗ್ಲೋಬಿನ್‌ಗೆ ನಮ್ಮ ರಕ್ತದಲ್ಲಿ ಒಂದು ಸೋದರ ಸಂಬಂಧಿ ಇದೆ, ಹಿಮೋಗ್ಲೋಬಿನ್. ಕಾರ್ಬನ್ ಮಾನಾಕ್ಸೈಡ್ ಅದಕ್ಕೂ ಹೀಗೆಯೇ ಅಂಟಿಕೊಳ್ಳುತ್ತದೆ.

ಗ್ಯಾರೇಜು ಏಕೆ ಬೇಡ?

ಆಮ್ಲಜನಕಕ್ಕೆ ಹೋಲಿಸಿದರೆ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಆಮ್ಲಜನಕ ಕೂರಬೇಕಾದ ಸೀಟಿನಲ್ಲಿ ಅದು ಕೂತು ಏಳುವುದೇ ಇಲ್ಲ. ಉಸಿರು ಆಡುತ್ತಿರುತ್ತದೆ, ಎದೆ ಬಡಿಯುತ್ತಿರುತ್ತದೆ, ಆದರೆ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುತ್ತಿರುವುದಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ.

ಇದ್ದಿಲಿಗೆ ಸಾಕಷ್ಟು ಗಾಳಿ ಸಿಕ್ಕರೆ ಅದು ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್. ಈಗ ಸ್ಮೋಕರ್ ಎಂದರೇನೆಂದು ಮತ್ತೊಮ್ಮೆ ನೆನೆಯಿರಿ: ಉರಿ ಏಳದಿರಲೆಂದು ಬೇಕೆಂದೇ ಗಾಳಿಕಿಂಡಿ ಕಿರಿದು ಮಾಡಿ, ಬೆಂಕಿಯ ಉಸಿರು ಕಟ್ಟಿಸಿ, ಹತ್ತಾರು ಗಂಟೆ ಕೆಂಡವನ್ನು ಮಿಣಮಿಣ ಇಡುವ ಯಂತ್ರ. ಈ ಅನಿಲವನ್ನು ತಯಾರಿಸಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ಹಿತ್ತಲಿನಲ್ಲಿ ಅದು ಬಯಲಿನ ಗಾಳಿಗೆ ಸೇರಿ ಚದುರಿಹೋಗುತ್ತದೆ. ಗ್ಯಾರೇಜಿನಲ್ಲಿ ಹೋಗಲು ಜಾಗವಿಲ್ಲ.

"ಬೂದಿ ಕಟ್ಟಿದ ಮೇಲೆ ಅಪಾಯವಿಲ್ಲ" ಎಂಬ ಮಾತು ಪೂರ್ತಿ ಉಲ್ಟಾ. ಬೂದಿ ಕಟ್ಟಿದ ಕೆಂಡದಲ್ಲಿ ಹೊಗೆ ಕಾಣುವುದಿಲ್ಲ ಅಷ್ಟೆ, ಅನಿಲ ಬರುತ್ತಲೇ ಇರುತ್ತದೆ. ಹೊಗೆ ಕಣ್ಣು ಉರಿಸಿ ನಿಮ್ಮನ್ನು ಹೊರಗೆ ಓಡಿಸುತ್ತಿತ್ತು. ಈಗ ಆ ಕಾವಲೂ ಇಲ್ಲ.

"ವಿಷಗಾಳಿ ಭಾರ, ಕೆಳಗೆ ಇಳಿಯುತ್ತದೆ, ಶಟರ್ ಕೆಳಗೆ ಒಂದೆರಡು ಅಡಿ ತೆಗೆದರೆ ಸೋರಿಹೋಗುತ್ತದೆ" ಎನ್ನುವುದೂ ಸುಳ್ಳು. ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ಒಂದು ಕೂದಲೆಳೆಯಷ್ಟು ಹಗುರ, ಕೋಣೆಯ ತುಂಬ ಸಮವಾಗಿ ಬೆರೆಯುತ್ತದೆ. ಪೂರ್ತಿ ತೆರೆದ ಶಟರಿನ ಕಡೆಯಿಂದ ಗಾಳಿ ಒಳಕ್ಕೇ ಬೀಸುತ್ತಿದ್ದರೆ ಅನಿಲ ಹೊರಗೆ ಹೋಗುವುದರ ಬದಲು ಮನೆಯೊಳಗೆ ನುಗ್ಗುತ್ತದೆ. ಅಮೆರಿಕದ ಮನೆಗಳಲ್ಲಿ ಗ್ಯಾರೇಜಿನಿಂದ ಅಡುಗೆಮನೆಗೆ ನೇರ ಬಾಗಿಲಿರುವುದು ಸಾಮಾನ್ಯ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿಗಾಳಿ ಮೇಲೇರಿ ಅಟ್ಟದ ಸಂದಿಗಳಿಂದ ಸೋರುತ್ತದೆ. ಆ ಖಾಲಿ ಜಾಗ ತುಂಬಲು ಮನೆ ಕೆಳಗಿನ ಸಂದುಗಳಿಂದ ಗಾಳಿ ಎಳೆದುಕೊಳ್ಳುತ್ತದೆ, ಗ್ಯಾರೇಜಿನ ಬಾಗಿಲಿನ ಅಡಿಯಿಂದಲೂ. ಅಂದರೆ ಮಹಡಿಯಲ್ಲಿ ಮಲಗಿದ ಮಕ್ಕಳ ಕೋಣೆಗೂ ಅದು ತಲುಪಬಹುದು. ಅಲ್ಲಿ ಮಾರುವ ಇದ್ದಿಲಿನ ಪ್ರತಿ ಚೀಲದ ಮೇಲೆ, ಮನೆ, ವಾಹನ, ಗುಡಾರಗಳೊಳಗೆ ಇದನ್ನು ಉರಿಸಿದರೆ ಸಾಯುತ್ತೀರಿ ಎಂಬ ಅರ್ಥದ ಎಚ್ಚರಿಕೆ ಚಿತ್ರಸಹಿತ ಇರಬೇಕೆಂದು ಕಾನೂನೇ ಇದೆ. ಸಣ್ಣ ಅಕ್ಷರವೆಂದು ಯಾರೂ ಓದುವುದಿಲ್ಲ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಕಂಡರಿಯದ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ಹೋಯಿತು. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ಕನ್ನಡ ಕುಟುಂಬಗಳೂ ಬಹಳ, ನಿಮ್ಮಲ್ಲಿ ಕೆಲವರಿಗೆ ಆ ವಾರದ ಫೋನ್ ಕರೆಗಳು ನೆನಪಿರಬಹುದು. ಚಳಿ ತಾಳಲಾರದೆ ಜನ ಇದ್ದಿಲಿನ ಗ್ರಿಲ್‌ಗಳನ್ನು ಮನೆಯೊಳಗೆ ತಂದರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತರು, ಜನರೇಟರ್ ಒಳಗಿಟ್ಟರು. ಆ ಒಂದು ವಾರದಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಷದಿಂದ 1,400ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಬಂದರು, ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರೆಲ್ಲ ಅವಿದ್ಯಾವಂತರಾಗಿರಲಿಲ್ಲ. ಚಳಿಯಲ್ಲಿ ನಡುಗುವಾಗ ಬೆಂಕಿ ಕಂಡರೆ ಹತ್ತಿರ ಎಳೆದುಕೊಳ್ಳುವುದು ಮನುಷ್ಯರ ಸ್ವಭಾವ.

ಇದು ದೂರದ ಟೆಕ್ಸಾಸ್ ಕಥೆ ಎಂದುಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಲ್ಲಿ ಅಂಗಳದ ಬಾರ್ಬೆಕ್ಯೂ ಈಗ ಮಾಮೂಲು. ಊಟವಾದ ಮೇಲೆ ಉಳಿದ ಕೆಂಡವನ್ನು "ಬೆಚ್ಚಗಿರುತ್ತೆ" ಎಂದು ಕೋಣೆಯೊಳಗೆ ತಂದು ಬಾಗಿಲು ಹಾಕಿ ಮಲಗುವುದು, ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಡುವುದು, ಎರಡೂ ಅದೇ ರಸಾಯನಶಾಸ್ತ್ರ. ಕೆಂಡದ ಪಕ್ಕ ಬಕೆಟ್ ನೀರಿಟ್ಟರೆ ವಿಷಗಾಳಿ ಹೀರುತ್ತದೆ ಎಂಬ ನಂಬಿಕೆಗೆ ಬುಡವಿಲ್ಲ, ಈ ಅನಿಲ ನೀರಿನಲ್ಲಿ ಕರಗುವುದೇ ಅಪರೂಪ. ಮಾಸ್ಕ್ ಧೂಳನ್ನು ತಡೆಯುತ್ತದೆ, ಈ ಅನಿಲವನ್ನಲ್ಲ.

ಗುರುತಿಸುವುದು ಹೇಗೆ?

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಗೊಂದಲ. ಚಳಿಗಾಲವಾದ್ದರಿಂದ ಫ್ಲೂ ಎಂದುಕೊಂಡು ಹೊದ್ದು ಮಲಗುತ್ತಾರೆ, ಅಲ್ಲೇ ಎಡವಟ್ಟು. ಜ್ವರವಿಲ್ಲದೆ, ಮನೆಮಂದಿಗೆಲ್ಲ ಒಟ್ಟಿಗೆ, ಸಾಕುಪ್ರಾಣಿಗೂ ಹೀಗಾದರೆ, ಹೊರಗೆ ಹೋದಾಗ ಹಗುರವೆನಿಸಿದರೆ ಅನುಮಾನಿಸಲೇಬೇಕು. ಚರ್ಮ ಕೆಂಪಾಗುತ್ತದೆ ಎಂದು ಓದಿರುತ್ತೀರಿ, ಬದುಕಿರುವವರಲ್ಲಿ ಅದು ಕಾಣುವುದು ವಿರಳ. ಅದಕ್ಕಾಗಿ ಕಾಯಬೇಡಿ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದು ಬೆಳಕಿನ ಮೂಲಕ ರಕ್ತದ ಬಣ್ಣ ನೋಡಿ ಲೆಕ್ಕ ಹಾಕುವ ಯಂತ್ರ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಅದರ ಕಣ್ಣಿಗೆ ಆಮ್ಲಜನಕ ಹೊತ್ತದ್ದರ ಹಾಗೇ ಕಾಣುತ್ತದೆ. ಹಾಗಾಗಿ ಪ್ರಾಣಾಪಾಯದಲ್ಲಿರುವವರಿಗೂ 98 ತೋರಿಸಬಹುದು. ಆ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಮೊದಲ ಕೆಲಸ ಎಲ್ಲರನ್ನೂ ಹೊರಗಿನ ಗಾಳಿಗೆ ತರುವುದು, ಆಮೇಲೆ ಕರೆ: ಅಮೆರಿಕ, ಕೆನಡಾದಲ್ಲಿ 911, ನಮ್ಮಲ್ಲಿ 108 ಅಥವಾ 112. ಒಳಗೆ ಬಿದ್ದವರನ್ನು ಎಳೆಯಲು ಉಸಿರು ಬಿಗಿಹಿಡಿದು ನುಗ್ಗಿ ತಾವೂ ಬೀಳುವವರಿದ್ದಾರೆ, ಬಾಗಿಲು ಕಿಟಕಿ ಹೊರಗಿನಿಂದ ತೆರೆಯಲು ಸಾಧ್ಯವೇ ನೋಡಿ. ಮಜ್ಜಿಗೆ, ನಿಂಬೆರಸದಿಂದ ಏನೂ ಆಗದು. ಬೇಕಾಗಿರುವುದು ಆಸ್ಪತ್ರೆಯ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆ. ಪರದೇಶದಲ್ಲಿರುವ ನಿಮ್ಮವರ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ, ಅದರ ಬ್ಯಾಟರಿ ಬದಲಾಯಿಸಿ ಎಷ್ಟು ಕಾಲವಾಯಿತು ಎಂದು ಮುಂದಿನ ಕರೆಯಲ್ಲಿ ಕೇಳಿ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಹೊಗೆಯದ್ದು ಮಾತ್ರ ಇದ್ದರೆ ಈ ಅನಿಲಕ್ಕೆ ಅದು ಬಾಯಿ ಬಿಡುವುದಿಲ್ಲ.

ಅಡುಗೆ ಮುಗಿದ ಮೇಲಿನ ಕೆಲಸವೂ ಇದೆ. ಬೂದಿಯೊಳಗೆ ಹುದುಗಿದ ಕೆಂಡ ಮಾರನೆಯ ದಿನವೂ ಜೀವಂತವಿರಬಹುದು, ಸುತ್ತ ಹಿಮ ಹೆಪ್ಪುಗಟ್ಟಿದ್ದರೂ. ಮೇಲೆ ಕೈಯಾಡಿಸಿ ತಣ್ಣಗಿದೆ ಎಂದು ಪ್ಲಾಸ್ಟಿಕ್ ಕಸದ ಬುಟ್ಟಿಗೆ ಸುರಿದು ಗ್ಯಾರೇಜಿನಲ್ಲಿಟ್ಟರೆ ಬೆಂಕಿಯೂ ಏಳಬಹುದು, ಅದೇ ಅನಿಲವೂ ತುಂಬಬಹುದು. ಎಲ್ಲ ಕಿಂಡಿ ಮುಚ್ಚಿ ಗೂಡನ್ನು ಇದ್ದಲ್ಲೇ ಹೊರಗೆ ಎರಡು ದಿನ ಬಿಡಿ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ಹಾಕಿ, ನೀರು ಸುರಿದು ಕಲಸಿ, ಆ ಬಕೆಟ್ಟನ್ನೂ ಮನೆಯಿಂದ ದೂರ ಇಡಿ.